ಕೊಟ್ಟಿಗೆಯ ಜೀಪು ಮತ್ತೆ ರಸ್ತೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಪಟ್ಟಿಯಲ್ಲಿ ಮನೆಯಿಂದ ಮನೆಗೆ ತಿರುಗಾಡಿ ಬಲ್ಲವರಿಗೆ ಒಂದು ನೋಟ ಅಪರಿಚಿತವಲ್ಲ. ಅಂಗಳ, ಅಡಿಕೆ ಒಣಗಿಸುವ ಅಟ್ಟ, ದರಕಿನ ರಾಶಿ, ಅದರಾಚೆ ಕೊಟ್ಟಿಗೆ. ಆ ಕೊಟ್ಟಿಗೆಯ ಮಗ್ಗುಲಲ್ಲಿ ಹರಿದ ತಾಡಪಾಲು ಹೊದ್ದು ನಿಂತ ಒಂದು ವಾಹನ. ಕೆಲವು ಮನೆಗಳಲ್ಲಿ ಅದು ಅಂಬಾಸಿಡರ್, ಕೆಲವೆಡೆ ಪ್ರೀಮಿಯರ್ ಪದ್ಮಿನಿ. ಆದರೆ ಹೆಚ್ಚಿನ ಕಡೆ ಜೀಪು. ಚಕ್ರಗಳಲ್ಲಿ ಗಾಳಿಯಿಲ್ಲ, ಬಾನೆಟ್ಟಿನ ಮೇಲೆ ಕೋಳಿ ಮಲಗುತ್ತದೆ, ಸೀಟಿನ ನಾರಿನಲ್ಲಿ ಇಲಿ ಸಂಸಾರ ಹೂಡಿದೆ. ಮಾರುವುದಿಲ್ಲವೇ ಎಂದು ಕೇಳಿದರೆ ಮನೆಯ ಯಜಮಾನರು ಒಂದು ಕ್ಷಣ ಸುಮ್ಮನಿದ್ದು, "ಇರಲಿ, ಒಂದು ದಿನ ರಿಪೇರಿ ಮಾಡಿಸಬೇಕು ಅಂತ ಇದೆ" ಎನ್ನುತ್ತಾರೆ. ಆ ಒಂದು ದಿನ ಹೆಚ್ಚಿನವರ ಪಾಲಿಗೆ ಬರುವುದೇ ಇಲ್ಲ. ಬಂದವರ ಪಾಲಿಗೆ ಅದು ಒಂದು ದಿನದ ಕೆಲಸವಾಗಿ ಉಳಿಯುವುದಿಲ್ಲ.

ಹಳೆಯ ವಾಹನವೊಂದನ್ನು ಮತ್ತೆ ನಡೆಯುವ ಸ್ಥಿತಿಗೆ ತರುವುದಕ್ಕೆ ಜೀರ್ಣೋದ್ಧಾರ ಎಂಬ ಮಾತನ್ನು ಬಳಸಿದರೆ ತಪ್ಪಾಗದು. ದೇವಾಲಯಗಳಿಗೂ ಇಗರ್ಜಿಗಳಿಗೂ ನಾವು ಬಳಸುವ ಈ ಪದದಲ್ಲಿ ಎರಡು ಅರ್ಥಗಳಿವೆ: ಶಿಥಿಲವಾದದ್ದನ್ನು ಒಪ್ಪಿಕೊಳ್ಳುವುದು, ಅದನ್ನು ಮೇಲೆತ್ತುವುದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕೈಹಾಕಿದವರೇ ನಡುದಾರಿಯಲ್ಲಿ ಸೋಲುತ್ತಾರೆ ಎಂಬುದು ಗ್ಯಾರೇಜಿನ ಅನುಭವ.

ಯುದ್ಧಭೂಮಿಯಿಂದ ಅಡಿಕೆ ತೋಟಕ್ಕೆ

ಜೀಪು ನಮ್ಮ ಗುಡ್ಡಗಳಿಗೆ ಬಂದ ಬಗೆ ತಿಳಿಯತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಆ ಗಟ್ಟಿ ವಾಹನ ರೈತನ ಕೈಗೆ ಬಂತು. ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪನೆಯಾದ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ವಿಲ್ಲಿಸ್ ಕಂಪನಿಯು 1953ರಲ್ಲಿ ಸಿ.ಜೆ.3ಬಿ ಎಂಬ ಮಾದರಿಯನ್ನು ಹೊರತಂದಿತು. ಅಮೆರಿಕದಲ್ಲಿ ಅದರ ತಯಾರಿಕೆ 1968ರಲ್ಲಿ ನಿಂತುಹೋದರೂ ನಮ್ಮಲ್ಲಿ ಅದೇ ವಂಶದ ಜೀಪುಗಳು ಮುಂದೆ ಅನೇಕ ದಶಕಗಳ ಕಾಲ ಹುಟ್ಟುತ್ತಲೇ ಇದ್ದವು. ಮಲೆನಾಡಿನ ಮನೆಗಳ ಹಿಂದೆ ತಾಡಪಾಲು ಹೊದ್ದು ನಿಂತಿರುವುದು ಬಹುಮಟ್ಟಿಗೆ ಈ ವಂಶವೇ.

ಇದರ ಬಾನೆಟ್ಟು ಎತ್ತರವಾಗಿರುವುದಕ್ಕೂ ಕಾರಣವುಂಟು. ಹರಿಕೇನ್ ಎಂಬ ಹೆಸರಿನ ಅದರ 2.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆ ಗಾಳಿ ಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿವೆ. ಹೊಗೆ ಹೊರಬಿಡುವ ವಾಲ್ವುಗಳು ಕೆಳಗೆ ಬ್ಲಾಕಿನ ಪಕ್ಕದಲ್ಲಿವೆ. ಯುದ್ಧಕಾಲದ ಎಂಜಿನ್ನಿನಲ್ಲಿ ಎರಡೂ ಕೆಳಗೇ ಇದ್ದವು. ಒಂದು ಜೊತೆ ಮೇಲೇರಿದ್ದರಿಂದ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಗೇರಿನ ಕೋಲಿನ ಜೊತೆಗೆ ಮತ್ತೆರಡು ಸಣ್ಣ ಕೋಲುಗಳಿರುತ್ತವೆ: ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಹಾಯಿಸಲು, ಇನ್ನೊಂದು ವೇಗ ತಗ್ಗಿಸಿ ಎಳೆತ ಹೆಚ್ಚಿಸಲು. ದೇವಿಮನೆ ಘಟ್ಟದ ಇಳಿಜಾರನ್ನೂ ಅರಬೈಲು ಘಟ್ಟದ ತಿರುವುಗಳನ್ನೂ ಬಲ್ಲವರಿಗೆ, ಅದಕ್ಕಿಂತ ಹೆಚ್ಚಾಗಿ ಆಷಾಢದ ಕೆಸರಿನಲ್ಲಿ ತೋಟದ ಮನೆಯಿಂದ ಡಾಂಬರು ರಸ್ತೆಯವರೆಗಿನ ಹಾದಿಯನ್ನು ಬಲ್ಲವರಿಗೆ, ಆ ಎರಡು ಕೋಲುಗಳ ಬೆಲೆ ಗೊತ್ತು. ಅಡಿಕೆ ಮೂಟೆ ಪೇಟೆಗೆ ಹೋದದ್ದು, ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳು ಆಸ್ಪತ್ರೆ ಸೇರಿದ್ದು, ಮದುವೆಯ ದಿಬ್ಬಣ ಹೊಳೆ ದಾಟಿದ್ದು ಎಷ್ಟೋ ಸಲ ಒಂದೇ ಜೀಪಿನಲ್ಲಿ. ಅಂಥದ್ದನ್ನು ಗುಜರಿಗೆ ತೂಗಿ ಕೊಡಲು ಮನಸ್ಸು ಹಿಂಜರಿದರೆ ಆಶ್ಚರ್ಯವೇನು?

ಮೂರು ಮಳೆಗಾಲಗಳ ಕಥೆ

ನಮ್ಮ ಧರ್ಮಕೇಂದ್ರದ ಹಿರಿಯ ಮೇಸ್ತ್ರಿಯೊಬ್ಬರ ಗ್ಯಾರೇಜಿಗೆ ಯಲ್ಲಾಪುರದ ಕಡೆಯಿಂದ ಇಂಥದೊಂದು ಜೀಪು ಲಾರಿಯ ಮೇಲೆ ಬಂದು ಇಳಿಯಿತು. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಆ ಎಂಜಿನ್ನಿನ ಒಳಹೊರಗನ್ನು ಕೈಯಲ್ಲಿ ಮುಟ್ಟಿ ಬಲ್ಲವರು ಈ ಭಾಗದಲ್ಲಿ ಬೆರಳೆಣಿಕೆಯಷ್ಟು ಮಂದಿ. ಜೀಪಿನ ಒಡೆಯರು ಅರವತ್ತು ದಾಟಿದ ಕೃಷಿಕರು. ಅವರ ತಂದೆ 1969ರಲ್ಲಿ ಕೊಂಡ ವಾಹನ ಅದು. ಜೀರ್ಣೋದ್ಧಾರದ ಉತ್ಸಾಹ ಮಾತ್ರ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗನದು. ಒಡೆಯರ ಪತ್ನಿಯ ಅಭಿಪ್ರಾಯ ಬೇರೆಯೇ ಇತ್ತು: "ಆ ಹಣದಲ್ಲಿ ಮನೆಯ ಮಾಡಿನ ಹಂಚು ಬದಲಾಯಿಸಬಹುದಿತ್ತು." ಈ ಮಾತಿಗೆ ಕೊನೆಯವರೆಗೂ ಯಾರೂ ಉತ್ತರ ಕೊಡಲಿಲ್ಲ, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

ಮೊದಲ ತೊಡಕು ಎಂಜಿನ್ನಿನದೇ. ಪೆಟ್ರೋಲಿನ ಬೆಲೆಗೆ ಹೆದರಿ ಡೀಸೆಲ್ ಎಂಜಿನ್ ಕೂಡಿಸುವುದು ಒಂದು ಕಾಲದಲ್ಲಿ ನಮ್ಮ ಕಡೆ ಸಾಮಾನ್ಯವಾಗಿತ್ತು. ಈ ಜೀಪಿಗೂ ಹಾಗೆಯೇ ಆಗಿತ್ತು. ಕೊನೆಯ ಸಲ ನೋಂದಣಿ ನವೀಕರಿಸಿದ ಮೇಲೆ ಎಂಜಿನ್ ಬದಲಾಯಿತು, ಅದನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಲಿಲ್ಲ, ಮುಂದಿನ ನವೀಕರಣದ ಹೊತ್ತಿಗೆ ಮನೆಗೆ ಹೊಸ ವಾಹನ ಬಂದಿತ್ತು, ಜೀಪು ಕೊಟ್ಟಿಗೆ ಸೇರಿತು. ಸುದೈವದಿಂದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಮಾರಿರಲಿಲ್ಲ. ಅಟ್ಟದ ಕೆಳಗೆ ಗೋಣಿ ಸುತ್ತಿಕೊಂಡು ಅದು ಬಿದ್ದಿತ್ತು.

ತಿರುಗದೆ ಬಿಗಿದುಕೊಂಡ ಎಂಜಿನ್ನಿಗೆ ಬಲಪ್ರಯೋಗ ಸಲ್ಲದು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ಲನ್ನೂ ತೆಳು ಎಣ್ಣೆಯನ್ನೂ ಹೊಯ್ದು ದಿನಗಟ್ಟಲೆ ಕಾಯಬೇಕು. ಆಮೇಲೆ ಹ್ಯಾಂಡಲ್ಲು ಹಾಕಿ ಮುಂದಕ್ಕೆ ಕೂದಲೆಳೆಯಷ್ಟು, ಹಿಂದಕ್ಕೆ ಕೂದಲೆಳೆಯಷ್ಟು ಆಡಿಸಬೇಕು. ಹನ್ನೊಂದನೆಯ ದಿನ ಅದು ಅಲುಗಿತು. ಗ್ಯಾರೇಜಿನ ಹುಡುಗರು ಬೀದಿಯ ಹೋಟೆಲಿನಿಂದ ಚಹ ತರಿಸಿ ಸಂಭ್ರಮಿಸಿದರು. ಸಂಭ್ರಮ ಒಂದು ವಾರ ಬಾಳಿತು. ಹೆಡ್ಡು ಬಿಚ್ಚಿ ತೊಳೆದು ನೋಡಿದಾಗ ಎರಡು ಸಿಲಿಂಡರುಗಳಲ್ಲಿ ತುಕ್ಕಿನ ಗುಳಿಗಳೂ, ಹೊಗೆಯ ವಾಲ್ವು ಕೂರುವ ಜಾಗದ ಬಳಿ ಒಂದು ಸೀಳೂ ಕಾಣಿಸಿದವು.

ಗುಳಿಗಳಿಗೆ ಪರಿಹಾರವಿತ್ತು. ಲೇತಿನವರು ಸಿಲಿಂಡರನ್ನು ಕೊರೆದು ಅಗಲಿಸಿ, ಅಷ್ಟೇ ದಪ್ಪದ ಪಿಸ್ಟನ್ನು ಕೂರಿಸುತ್ತಾರೆ. ಇಂಚಿನ ಸಾವಿರದಲ್ಲಿ 20, 40, 60 ಭಾಗ ಎಂದು ಅದಕ್ಕೆ ಗೊತ್ತಾದ ಅಳತೆಗಳಿವೆ. ಒಂದೊಂದು ಸಲ ಕೊರೆದಾಗಲೂ ಎಂಜಿನ್ನಿನ ಆಯುಷ್ಯದ ಒಂದು ಮೆಟ್ಟಿಲು ಮುಗಿಯುತ್ತದೆ, ಅಷ್ಟೆ. ಸೀಳಿನ ಮಾತು ಬೇರೆ. ಎರಕದ ಕಬ್ಬಿಣವನ್ನು ವೆಲ್ಡಿಂಗ್ ಮಾಡಹೋದರೆ ಕಾವಿನ ಏರುಪೇರಿಗೆ ಪಕ್ಕದಲ್ಲಿ ಹೊಸ ಸೀಳು ಬಿಡುವ ಭಯ. ಕೊನೆಗೆ ಹುಬ್ಬಳ್ಳಿಯಲ್ಲಿ ಕಾವು ಕೊಡದೆ, ಸೀಳಿನ ಉದ್ದಕ್ಕೂ ತೂತು ಕೊರೆದು, ಒಂದಕ್ಕೊಂದು ಹೆಣೆಯುವಂತೆ ಮರೆಯುಳ್ಳ ಪಿನ್ನುಗಳನ್ನು ತಿರುಪಿ ಹೊಲಿಯುವ ಕುಶಲಿಗರು ಸಿಕ್ಕರು. ಅವರ ಸರದಿಗಾಗಿ ಎರಡು ತಿಂಗಳು ಕಾಯಬೇಕಾಯಿತು.

ಅಷ್ಟರಲ್ಲಿ ಬಾಡಿಯ ಕೆಲಸ ಹಿಡಿದಿದ್ದರು. "ಹೊರಗೆ ಕಾಣೋ ತುಕ್ಕು ನಾಲ್ಕಾಣೆ, ಒಳಗಿರೋದು ಹನ್ನೆರಡಾಣೆ ಫಾದರ್" ಎಂದು ಮೇಸ್ತ್ರಿ ನನಗೆ ಹೇಳಿದ್ದು ಆಗಲೇ. ಕಾಲಿಡುವ ತಳದ ತಗಡು ಪುಟ್ಟಿಯ ಮೇಲೆ ನಿಂತಿತ್ತು; ಸುತ್ತಿಗೆಯ ಒಂದು ಪೆಟ್ಟಿಗೆ ಉದುರಿತು. ಚಾಸಿಸ್ಸಿನ ಹಿಂಬದಿಯ ಅಡ್ಡಪಟ್ಟಿಯೂ ಸವೆದಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಉಳಿದದ್ದನ್ನು ಉಜ್ಜಿ ಫಾಸ್ಫಾರಿಕ್ ಆಮ್ಲ ಬೆರೆತ ದ್ರಾವಣ ಬಳಿದರು. ಅದು ತುಕ್ಕನ್ನು ಗಟ್ಟಿಯಾದ ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಇನ್ನೇನು ಬಣ್ಣ ಹೊಡೆಯಬೇಕು ಎನ್ನುವಾಗ ಜೂನ್ ಬಂತು. ನಮ್ಮ ಮಳೆಗಾಲದ ತೇವದಲ್ಲಿ ಬಣ್ಣ ಹೊಡೆದರೆ ಹೊಳಪು ಸತ್ತು ಹಾಲಿನ ಕೆನೆಯಂಥ ಬಿಳಿಮಬ್ಬು ಕವಿಯುತ್ತದೆ. ಅದರಡಿಯಲ್ಲಿ ತುಕ್ಕು ಮತ್ತೆ ಮೊಳೆಯುತ್ತದೆ. ಆದುದರಿಂದ ಪ್ರೈಮರ್ ಬಳಿದು ನಾಲ್ಕು ತಿಂಗಳು ಕಾದರು.

ಎರಡನೆಯ ವರ್ಷ ಕೊಳೆರೋಗದಿಂದ ತೋಟದ ಫಸಲು ಇಳಿಯಿತು. ಹಣ ಬರುವುದು ನಿಂತಿತು, ಕೆಲಸವೂ ನಿಂತಿತು. ಮಗ ಬೆಂಗಳೂರಿನಿಂದ ಬರುವುದನ್ನು ಕಡಿಮೆ ಮಾಡಿದ. ಬಿಚ್ಚಿಟ್ಟ ವಾಹನಕ್ಕೆ ಇದಕ್ಕಿಂತ ಅಪಾಯದ ಘಳಿಗೆಯಿಲ್ಲ. ಹೆಚ್ಚಿನ ಜೀಪುಗಳು ಪ್ರಾಣ ಬಿಡುವುದು ಘಟ್ಟದಲ್ಲಿ ಅಲ್ಲ, ಗ್ಯಾರೇಜಿನ ಮೂಲೆಯಲ್ಲಿ, ಅರ್ಧ ಬಿಚ್ಚಿದ ಸ್ಥಿತಿಯಲ್ಲಿ. ನಟ್ಟುಬೋಲ್ಟುಗಳು ಬೇರೆ ವಾಹನಕ್ಕೆ ಹೋಗುತ್ತವೆ, ನೆನಪು ಮಸುಕಾಗುತ್ತದೆ, ಕೊನೆಗೆ ಒಂದು ದಿನ ಸಿಕ್ಕಿದ ಬೆಲೆಗೆ ಮಾರಾಟ. ಈ ಜೀಪು ಉಳಿದದ್ದಕ್ಕೆ ಕಾರಣ ಒಂದು ಚಿಕ್ಕ ಅಭ್ಯಾಸ: ಬಿಚ್ಚುವ ಮೊದಲೇ ಮಗ ಪ್ರತಿಯೊಂದು ಭಾಗದ ಫೋಟೋ ತೆಗೆದು, ಬೋಲ್ಟುಗಳನ್ನು ಬಿಸ್ಕೀಟು ಡಬ್ಬಿಗಳಲ್ಲಿ ತುಂಬಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದ. ಹತ್ತು ತಿಂಗಳ ಬಳಿಕ ಕೆಲಸ ಮತ್ತೆ ಆರಂಭವಾದಾಗ ಯಾವುದು ಎಲ್ಲಿಯದೆಂದು ಹುಡುಕಬೇಕಾಗಲಿಲ್ಲ.

ಬಿಡಿಭಾಗಗಳ ಬೇಟೆ ಬೇರೊಂದು ಯಾತ್ರೆಯೇ. ಹುಬ್ಬಳ್ಳಿಯಲ್ಲಿ ಸಿಕ್ಕದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಅಲ್ಲಿಯೂ ಸಿಕ್ಕದ್ದು ಹರಿಯಾಣದ ಮಂಡಿ ಡಬ್ವಾಲಿಯಿಂದ ಪಾರ್ಸೆಲ್ಲಿನಲ್ಲಿ ಬಂತು. ಹಳೆಯ ಜೀಪುಗಳನ್ನು ಕಟ್ಟಿ ನಿಲ್ಲಿಸುವುದರಲ್ಲಿ ದೇಶಕ್ಕೇ ಹೆಸರಾದ ಆ ಪಟ್ಟಣ ಇರುವುದು ಸಿರ್ಸಾ ಜಿಲ್ಲೆಯಲ್ಲಿ. ಶಿರಸಿಯ ಜೀಪಿಗೆ ಸಿರ್ಸಾದ ಭಾಗ ಎಂದು ಗ್ಯಾರೇಜಿನಲ್ಲಿ ನಗೆ ಎದ್ದಿತು. ಬಂದದ್ದರಲ್ಲಿ ಎಲ್ಲವೂ ಸರಿಯಿರಲಿಲ್ಲ. ಎರಡು ಸಲ ಹಿಂದಿರುಗಿಸಬೇಕಾಯಿತು.

ಇಂದಿನ ಕಾಲದ ಒಂದು ತೊಡಕೂ ಉಂಟು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರಿನ ಕೊಳವೆ, ಪೆಟ್ರೋಲ್ ಪಂಪಿನ ಪರದೆ, ಕಾರ್ಬುರೇಟರಿನ ವಾಷರುಗಳು ಅದನ್ನು ತಾಳವು. ಊದಿಕೊಳ್ಳುತ್ತವೆ, ಇಲ್ಲವೇ ಬಿರಿಯುತ್ತವೆ. ಎಥನಾಲ್ ನೀರನ್ನು ಹೀರುವುದರಿಂದ ನಿಂತ ವಾಹನದ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆದಕಾರಣ ರಬ್ಬರೆಲ್ಲವನ್ನೂ ಹೊಸ ಬಗೆಯದಕ್ಕೆ ಬದಲಾಯಿಸಿದರು. ಬ್ರೇಕಿನ ಎಣ್ಣೆಯೂ ತೇವ ಹೀರುವಂಥದೇ; ಚಕ್ರದೊಳಗಿನ ಬ್ರೇಕ್ ಸಿಲಿಂಡರುಗಳು ನಾಲ್ಕೂ ಹೊಸವಾದವು. ಈ ವಿಷಯದಲ್ಲಿ ಮೇಸ್ತ್ರಿ ರಾಜಿಗೆ ಒಪ್ಪಲಿಲ್ಲ. ಓಡದ ಜೀಪಿನಿಂದ ಯಾರಿಗೂ ಕೇಡಿಲ್ಲ, ನಿಲ್ಲದ ಜೀಪಿನಿಂದ ಉಂಟು ಎಂಬುದು ಅವರ ನ್ಯಾಯ.

ಒಂದೂವರೆ ಲಕ್ಷ ಎಂದು ಹೊರಟ ಲೆಕ್ಕ ಮೂರು ಲಕ್ಷ ದಾಟಿತು. ಮೂರು ಮಳೆಗಾಲಗಳು ಕಳೆದವು.

ಅದೇ ಜೀಪೇ?

ಇಲ್ಲಿ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ತಳದ ತಗಡು ಹೊಸದು, ಪಿಸ್ಟನ್ನು ಹೊಸದು, ವೈರಿಂಗು ಹೊಸದು, ಬ್ರೇಕು ಹೊಸದು. ಹಾಗಾದರೆ ಇದು 1969ರ ಜೀಪೇ? ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಶತಮಾನಗಳ ಕಾಲ ಕಾಪಾಡಿದರು. ಹಲಗೆ ಕೊಳೆತ ಹಾಗೆಲ್ಲ ಹೊಸ ಹಲಗೆ ಹಾಕುತ್ತಿದ್ದರು. ಅದು ಅದೇ ಹಡಗೇ ಅಲ್ಲವೇ ಎಂದು ತತ್ತ್ವಜ್ಞರು ವಾದಿಸಿದರು. 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಇನ್ನೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಎರಡನೆಯ ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸನದು ಯಾವುದು? ನಮ್ಮ ನೆಲದಲ್ಲಿಯೂ ಈ ಚಿಂತನೆ ಇತ್ತು. ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ಕೇಳುತ್ತಾನೆ: ರಥವೆಂದರೆ ಗಾಲಿಯೇ, ಅಚ್ಚೇ, ನೊಗವೇ? ಯಾವುದೂ ಅಲ್ಲ, ಅವೆಲ್ಲದರ ಕೂಟಕ್ಕೆ ಇಟ್ಟ ಹೆಸರು ರಥ.

ಇದು ಗುರುಮಠದ ತರಗತಿಯ ಒಣಚರ್ಚೆ ಎಂದು ವಾಚಕರು ಭಾವಿಸಬಾರದು. ನಮ್ಮ ಸರ್ಕಾರದ ನಿಯಮವೇ ಈ ಪ್ರಶ್ನೆಯನ್ನು ಕೇಳುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ಷರತ್ತು ಇಷ್ಟೇ: ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್ಸು, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ಬಳಿಕ ಮರುನೋಂದಣಿಗೆ 5,000. ಮೊದಲೇ ನಂಬರು ಇದ್ದ ವಾಹನ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ಹಳೆವಾಹನಗಳ ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಸಾಮಾನ್ಯ ನೋಂದಣಿಯ ದಾರಿಯೂ ಇದೆ. ಅದರಲ್ಲಿ 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. 20 ವರ್ಷ ದಾಟಿದ ಕಾರು, ಜೀಪುಗಳಿಗೆ 2025ರ ಆಗಸ್ಟಿನಲ್ಲಿ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಲಾಗಿದೆ.

ಮಗನಿಗೆ ವಿಂಟೇಜ್ ಫಲಕದ ಆಸೆ. ತಂದೆ ಒಪ್ಪಲಿಲ್ಲ. "ತೋಟಕ್ಕೆ ಗೊಬ್ಬರ ಹೊರದ ಜೀಪು ನನಗೇಕೆ ತಮ್ಮಾ?" ಎಂದರು. ಅವರು ಅರಿಸ್ಟಾಟಲನನ್ನು ಓದಿದವರಲ್ಲ. ಆದರೂ ಅವರ ಮಾತಿನಲ್ಲಿ ಅರಿಸ್ಟಾಟಲನ ಉತ್ತರವಿತ್ತು. ಒಂದು ವಸ್ತು ಏನೆಂಬುದನ್ನು ಅದರ ದ್ರವ್ಯವೊಂದೇ ನಿರ್ಧರಿಸದು. ಅದರ ರೂಪ, ಅದನ್ನು ಮಾಡಿದ ಕೈ, ಅದು ಯಾವುದಕ್ಕಾಗಿ ಇದೆಯೋ ಆ ಉದ್ದೇಶ, ಇವೂ ಸೇರಬೇಕು. ಕತ್ತಿ ಎಂದರೆ ಕೊಯ್ಯತಕ್ಕದ್ದು. ಜೀಪು ಎಂದರೆ ಕೆಸರಿನ ದಿಬ್ಬ ಹತ್ತತಕ್ಕದ್ದು. ಗಾಜಿನ ಮನೆಯಲ್ಲಿ ನಿಂತದ್ದು ಸುಂದರವಾಗಿರಬಹುದು, ಬಾಲಕರಿಗೆ ಪಾಠವಾಗಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ಕಂಡವರು ಆ ಸೇವೆಯ ಹಿರಿಮೆಯನ್ನು ಅಲ್ಲಗಳೆಯಲಾರರು. ಆದರೆ ಪ್ರತಿಯೊಂದು ಮನೆಯೂ ವಸ್ತುಸಂಗ್ರಹಾಲಯವಲ್ಲ. ಮಗನ ವಾದಕ್ಕೂ ಹುರುಳಿತ್ತು: ಮೂಲ ಎಂಜಿನ್ನನ್ನೇ ಉಳಿಸಬೇಕೆಂದು ಹಟ ಹಿಡಿದವನು ಅವನೇ. ಹೀಗೆ ಇಬ್ಬರ ಮಾತೂ ಅರ್ಧರ್ಧ ನಡೆಯಿತು. ಡೀಸೆಲ್ ಎಂಜಿನ್ ಇಳಿಯಿತು, ಪೆಟ್ರೋಲ್ ಎಂಜಿನ್ ಏರಿತು, ನೋಂದಣಿ ಸಾಮಾನ್ಯದ್ದೇ ಆಯಿತು.

ಇದರಿಂದ ಒಂದು ಲಾಭವೂ ಆಯಿತು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಅನುಮತಿಯಿಲ್ಲದೆ ವಾಹನದಲ್ಲಿ ಅಂಥ ಮಾರ್ಪಾಡು ಮಾಡುವಂತಿಲ್ಲ. ಈ ಜೀಪಿನ ಪುಸ್ತಕದಲ್ಲಿದ್ದದ್ದು ಪೆಟ್ರೋಲ್ ಎಂಜಿನ್ನಿನ ನಂಬರು, ಒಳಗಿದ್ದದ್ದು ಬೇರೆ. ಈಗ ಹಳೆಯ ಎಂಜಿನ್ ತನ್ನ ಸ್ಥಾನಕ್ಕೆ ಮರಳಿದ್ದರಿಂದ ಕಾಗದ ಹೇಳುವುದೂ ಕಣ್ಣು ಕಾಣುವುದೂ ಒಂದಾದವು. ತಡವಾದ ಅವಧಿಗೆ ಹೆಚ್ಚುವರಿ ಶುಲ್ಕ ತೆತ್ತು, ಶಿರಸಿಯ ಆರ್.ಟಿ.ಓ. ಕಚೇರಿಯ ತಪಾಸಣೆಗೆ ಅದು ತನ್ನ ಕಾಲಿನ ಮೇಲೆಯೇ ಹೋಗಿ ಬಂತು.

ಕೈಹಾಕುವವರಿಗೆ ಕೆಲವು ಮಾತು

ತಾಡಪಾಲಿನ ಕೆಳಗೆ ಇಂಥದೊಂದನ್ನು ಇಟ್ಟುಕೊಂಡಿರುವವರು ಮೊದಲು ಸ್ಪ್ಯಾನರು ಹಿಡಿಯದೆ ಕಾಗದ ಹಿಡಿಯಲಿ. ಚಾಸಿಸ್ ನಂಬರು ಓದಲು ಬರುತ್ತದೆಯೇ, ಪುಸ್ತಕಕ್ಕೆ ಹೊಂದುತ್ತದೆಯೇ, ಒಡೆತನ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಲಿ. ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಲಿ. ಎರಡನೆಯದಾಗಿ, ಚಾಸಿಸ್ಸನ್ನು ಪರೀಕ್ಷಿಸಲಿ. ಎಂಜಿನ್ ಕೆಟ್ಟರೆ ಬದಲುಂಟು. ಚಾಸಿಸ್ ಪೂರ್ತಿ ಕೊಳೆತಿದ್ದರೆ ಅಲ್ಲಿಗೆ ಕೈಬಿಡುವುದೇ ವಿವೇಕ. ಎಲ್ಲವನ್ನೂ ಉಳಿಸಲು ಸಾಧ್ಯವಿಲ್ಲವೆಂದು ಒಪ್ಪಿಕೊಳ್ಳುವುದು ಸೋಲಲ್ಲ. ಮೂರನೆಯದಾಗಿ, ಬಣ್ಣ ಕೊನೆಯದು. ಬಣ್ಣದಿಂದ ಆರಂಭಿಸಿದವನು ತುಕ್ಕಿಗೆ ರೇಶಿಮೆಯ ಅಂಗಿ ತೊಡಿಸಿದಂತೆ. ನಾಲ್ಕನೆಯದಾಗಿ, ಅಂದಾಜು ಹಣವನ್ನು ಎರಡರಿಂದ ಗುಣಿಸಿ, ಅಷ್ಟು ಹೋದರೂ ಮನೆಯ ಅಡಿಗೆಮನೆಗೆ ಬಿಸಿ ತಟ್ಟುವುದಿಲ್ಲವೆಂದು ಖಾತರಿಯಾದರೆ ಮಾತ್ರ ಮುಂದಡಿ ಇಡಲಿ. ಹಂಚಿನ ಮಾತಾಡಿದ ಆ ತಾಯಿಯ ಲೆಕ್ಕವನ್ನು ಮೊದಲ ದಿನವೇ ಕೂತು ಕೇಳಿದ್ದರೆ ಆ ಮನೆಯಲ್ಲಿ ಮೂರು ವರ್ಷ ನಿಟ್ಟುಸಿರು ಕಡಿಮೆಯಿರುತ್ತಿತ್ತು.

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ಮಾತು. ಬಿಡಿಭಾಗವನ್ನು ಸಿರ್ಸಾದಿಂದ ತರಿಸಬಹುದು. ಮೇಸ್ತ್ರಿಯ ಕಿವಿಯನ್ನು ಎಲ್ಲಿಂದಲೂ ತರಿಸಲಾಗದು. ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವಿನ ಅಂತರ ಸಡಿಲವಾಗಿದೆ ಎಂದು ಹೇಳಬಲ್ಲವರ ಕಣ್ಣು ಈಗ ಮಂಜಾಗುತ್ತಿದೆ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ನಿಂತಿತು. ಕಾರ್ಬುರೇಟರನ್ನು ಬಿಚ್ಚಿಯೇ ಅರಿಯದ ತಲೆಮಾರು ಗ್ಯಾರೇಜಿಗೆ ಬರುತ್ತಿದೆ. ಅವರ ಕೈಯಲ್ಲಿರುವುದು ಕಂಪ್ಯೂಟರಿನ ತಂತಿ. ಅದು ತಪ್ಪಲ್ಲ, ಕಾಲದ ಅಗತ್ಯ. ಆದರೆ ಈ ಜೀಪಿನ ಕೆಲಸ ನಡೆದ ಮೂರು ವರ್ಷಗಳಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಹತ್ತೊಂಬತ್ತರ ಹುಡುಗನೊಬ್ಬ ಇದ್ದಾನೆ. ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಿ, ಬಗ್ಗಿ, ಕಾಣದ ಜಾಗದಲ್ಲಿ ಬೆರಳಿನಿಂದಲೇ ಅಂತರ ಅಳೆದು ಕೆಳಗಿನ ವಾಲ್ವುಗಳನ್ನು ಕೂರಿಸುವುದನ್ನು ಅವನು ಕಲಿತಿದ್ದಾನೆ. ಕೊನೆಯ ಎರಡು ವಾಲ್ವುಗಳನ್ನು ಮೇಸ್ತ್ರಿ ಮುಟ್ಟಲಿಲ್ಲ, ಹುಡುಗನೇ ಕೂರಿಸಿದ.

ಆ ಮೂರು ಲಕ್ಷದಲ್ಲಿ ಒಂದು ಕುಟುಂಬಕ್ಕೆ ಜೀಪು ಬಂತು. ಅದೇ ಹಣದಲ್ಲಿ ಊರಿಗೆ ಒಬ್ಬ ಕೆಲಸಗಾರನೂ ಬಂದ. ಹಳೆಯ ವಾಹನವನ್ನು ಬಿಚ್ಚಲು ಹೊರಟವರು ಗ್ಯಾರೇಜಿನ ಬಾಗಿಲು ದಾಟುವಾಗ ಒಂದು ಶರತ್ತು ಹಾಕಲಿ: ಕೆಲಸ ಹಿರಿಯರದೇ ಆಗಲಿ, ಪಕ್ಕದಲ್ಲಿ ಒಬ್ಬ ಕಿರಿಯ ನಿಲ್ಲಲಿ. ಯಲ್ಲಾಪುರದ ಆ ತೋಟದ ದಾರಿಯಲ್ಲಿ ಮುಂದೊಂದು ದಿನ ಜೀಪು ಮತ್ತೆ ಕೆಟ್ಟು ನಿಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಆಗ ಕರೆದರೆ ಬರುವವರು ಒಬ್ಬರಿರಬೇಕು.